ಮಗುಚಿದ ಕಲ್ಲುಗಳು

"ಸತ್ತವನು ಎದ್ದು ಬಂದು ಒಲೆ ಆರಿಸಿದನೇನ್ರೀ?"

ಇನ್ಸ್‌ಪೆಕ್ಟರ್ ಮೇಡಂ ಕೇಳಿದ್ದಕ್ಕೆ ಹೆಡ್ ಕಾನ್‌ಸ್ಟೆಬಲ್ ಬಾಯಿ ತೆರೆದ. ಉತ್ತರದ ಬದಲು ಆಕಳಿಕೆ ಬಂತು. ಠಾಣೆಯಲ್ಲಿ ಅವನ ಹೆಸರೇ ಆಕಳಿಕೆ. ಮೇಡಂಗೂ ಒಂದು ಹೆಸರಿತ್ತು: ಸಿಡುಕಿ. ಅದು ಅವಳ ಕಿವಿಗೆ ಬಿದ್ದಿಲ್ಲವೆಂದು ಠಾಣೆಯವರೆಲ್ಲ ನಂಬಿಕೊಂಡಿದ್ದರು.

ಮೊನ್ನೆ ಬೆಳಿಗ್ಗೆ ರಾಷ್ಟ್ರೀಯ ಉದ್ಯಾನದ ಇದೇ ಕಾವಲು ಗೋಪುರದ ಪಕ್ಕದ ಬಂಡೆಯಿಂದ ಬಿದ್ದು ಬೆಂಕಿ ಕಾವಲುಗಾರ ಸತ್ತಿದ್ದ. ಎಲ್ಲರಿಗಿಂತ ಮೊದಲು ಅವನಿಗೆ ಹೊಗೆ ವಾಸನೆ ಹತ್ತುತ್ತಿತ್ತು. ಅದಕ್ಕೇ ಅವನನ್ನು ಹೊಗೆಮೂಗ ಅನ್ನುತ್ತಿದ್ದರು. ಹೆಣದ ಪಕ್ಕ ಹೆಂಡದ ಬಾಟಲಿ ಸಿಕ್ಕಿತ್ತು. ಅಂಗಿಯೂ ಘಮ್ಮೆನ್ನುತ್ತಿತ್ತು. ಕುಡಿದ, ಜಾರಿದ, ಬಿದ್ದ. ಇಲಾಖೆಯವರಿಗೆ ಅಷ್ಟು ಸಾಕಾಗಿತ್ತು.

ಸಿಡುಕಿಗೆ ಸಾಕಾಗಿರಲಿಲ್ಲ.

ಅವಳು ಗೋಪುರದ ಬುಡದಲ್ಲಿ ಮಂಡಿಯೂರಿ ಒಲೆಯನ್ನೇ ನೋಡುತ್ತಿದ್ದಳು. ಪಕ್ಕಕ್ಕಿಳಿಸಿದ ಪಾತ್ರೆಯಲ್ಲಿ ನೀರು ತುಂಬಿತ್ತು. ಅದರ ಮೇಲೆ ಚಹಾಪುಡಿ ಹಾಕಿದ ಹಾಗೇ ತೇಲುತ್ತಿತ್ತು, ಒಂದು ಕುದಿಯೂ ಬಂದಿರಲಿಲ್ಲ. ಎರಡು ಲೋಟ ಬೋರಲು ಹಾಕಿದ ಹಾಗೇ ಇದ್ದವು.

"ಯಾರೋ ಬರೋರಿದ್ರು. ಚಹಾಕ್ಕೆ ಇಟ್ಟಿದ್ದಾನೆ. ಚಹಾ ಕುದಿಯೋಕೆ ಮುಂಚೆ ಯಾರಾದ್ರೂ ಒಲೆ ಆರಿಸ್ತಾರಾ?"

"ಇಲ್ಲ ಮೇಡಂ."

"ಆದ್ರೂ ಆರಿದೆ. ತಾನಾಗಿ ಆರಿದ್ದಲ್ಲ. ನೀರು ಸುರಿದು, ಕೋಲಲ್ಲಿ ಕಲಸಿ, ಮತ್ತೆ ನೀರು ಸುರಿದಿದ್ದಾರೆ. ಇಲ್ಲಿ ನೋಡಿ."

ಒಣಗಿ ಗಟ್ಟಿಯಾದ ಬೂದಿಯ ಮೇಲೆ ಬೆರಳ ಗೆಣ್ಣುಗಳ ಗುರುತು ಅಚ್ಚೊತ್ತಿತ್ತು. ಬಿಸಿ ಉಳಿದಿದೆಯಾ ಅಂತ ಯಾರೋ ಕೈಯ ಹಿಂಬದಿ ಒತ್ತಿ ನೋಡಿದ್ದರು. ಮೂರು ಒಲೆಗಲ್ಲನ್ನೂ ಮಗುಚಿ ಮಸಿಯ ಭಾಗ ಮೇಲಕ್ಕೆ ಮಾಡಿದ್ದರು, ಕಲ್ಲಿನಡಿ ಕೆಂಡ ಅಡಗಿರಬಾರದೆಂದು.

ಕಲ್ಲು ಮಗುಚುವುದನ್ನು ಅವಳೂ ಕಲಿತಿದ್ದಳು. ಎಂಟನೇ ವಯಸ್ಸಿನಲ್ಲಿ ಒಮ್ಮೆ ಮರೆತಿದ್ದಕ್ಕೆ ಕೆನ್ನೆಗೆ ಪಟಾರನೆ ಬಿದ್ದಿತ್ತು. ಹೊಡೆದವರು ಅವಳ ದೊಡ್ಡಪ್ಪ. ಅಪ್ಪ ಹೋದ ಮೇಲೆ ಅವಳನ್ನು ಸಾಕಿ, ಓದಿಸಿ, ಮೈಮೇಲೆ ಖಾಕಿ ಬರುವ ತನಕ ಬೆನ್ನಿಗೆ ನಿಂತವರೂ ಅವರೇ. ಇಡೀ ರಾಷ್ಟ್ರೀಯ ಉದ್ಯಾನಗಳ ಆಡಳಿತದ ನಿರ್ದೇಶಕರು.

ಇವತ್ತು ಅವರ ನಿವೃತ್ತಿ.

ಫೋನು ಬಂತು. ಮೇಲಧಿಕಾರಿಯ ದನಿಯಲ್ಲಿ ಬೆಣ್ಣೆಯಿತ್ತು. "ಎಲ್ಲಿದ್ದೀರಾ? ನಿಮ್ಮ ದೊಡ್ಡಪ್ಪನವರ ಬೀಳ್ಕೊಡುಗೆಗೆ ನಾನಾಗ್ಲೇ ಹೊರಟೆ. ಆ ಕುಡುಕನ ಕೇಸು ಮುಗಿಸಿಬಿಡಿ. ಇವತ್ತು ಅದೊಂದು ಕಪ್ಪು ಚುಕ್ಕೆ ಯಾಕೆ?"

"ಅವನು ಕುಡಿದಿರ್ಲಿಲ್ಲ ಸರ್. ಹೊಟ್ಟೇಲಿ ಒಂದು ಹನಿ ಇಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಕುಡಿದಿದ್ದು ಅಂಗಿ ಮಾತ್ರ."

"ನೋಡಿ, ಮನೆಯವರಾದ್ರೆ ವಿಷಯ ಸೂಕ್ಷ್ಮವಾಗಿ ನೋಡ್ತಾರೆ ಅಂತಲೇ ಕೇಸು ನಿಮಗೆ ಕೊಟ್ಟಿದ್ದು."

ಸಿಡುಕಿಯ ಮೈ ಉರಿದುಹೋಯಿತು. ತಾನು ಚುರುಕು ಅಂತ ಕೇಸು ಕೊಟ್ಟಿದ್ದಾರೆ ಅಂದುಕೊಂಡಿದ್ದಳು. ಇವರು ಕೊಟ್ಟಿದ್ದು ತಿಪ್ಪೆ ಸಾರಿಸಲಿಕ್ಕೆ. ಅವಳು ಹಲ್ಲು ಕಚ್ಚಿ "ಸರಿ ಸರ್" ಎಂದು ಫೋನಿಟ್ಟು, ಕಾಲ ಬಳಿ ಇದ್ದ ಕಡ್ಡಿಯನ್ನು ಮುರಿದು, ಮುರಿದದ್ದನ್ನು ಮತ್ತೆ ಮುರಿದಳು. ಆಕಳಿಕೆ ನಾಲ್ಕು ಹೆಜ್ಜೆ ದೂರ ಸರಿದು ನಿಂತ.

ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಬಿದ್ದಾಗ ಕಾಲು ಮುರಿದಿತ್ತು, ಮುರಿದ ಕಡೆ ಚೆನ್ನಾಗಿ ಊದಿಕೊಂಡಿತ್ತು. ಸತ್ತ ಕಾಲು ಊದುವುದಿಲ್ಲ. ಅಂದರೆ ಬಿದ್ದ ಮೇಲೂ ಅವನು ಸಾಕಷ್ಟು ಹೊತ್ತು ಬದುಕಿದ್ದ. ಜೀವ ತೆಗೆದದ್ದು ತಲೆಯ ಪೆಟ್ಟು, ಅದು ಆಮೇಲೆ ಬಿದ್ದದ್ದು.

ಕೆಳಗಿಳಿದಾಗ ಸಿಡುಕಿ ಉದ್ಯಾನದ ಗೇಟು ಕಾಯುವವನನ್ನು ಹಿಡಿದಳು.

"ಮೊನ್ನೆ ಬೆಳಿಗ್ಗೆ ಗೋಪುರದ ದಾರೀಲಿ ಯಾರ ಗಾಡಿ ಹೋಯ್ತು?"

"ಎರಡು ಹೋಯ್ತು, ಎರಡು ವಾಪಸ್ ಬಂತು ಮೇಡಂ."

"ಯಾರದು ಅಂದೆ."

"ಇಲಾಖೆ ಗಾಡಿ ಬಂದ್ರೆ ಗೇಟು ಎತ್ತಿ ಸೆಲ್ಯೂಟ್ ಹೊಡೀತೀನಿ. ಸೆಲ್ಯೂಟ್ ಹೊಡಿಯೋವಾಗ ನೆಲ ನೋಡೋದು ನನ್ನ ಅಭ್ಯಾಸ. ಟೈರು ಕಾಣತ್ತೆ ಅಷ್ಟೆ." ಅವನು ಕೈ ಮುಗಿದ. "ಮೂರು ಮಕ್ಕಳಿದ್ದಾರೆ ಮೇಡಂ. ಇನ್ನು ಕೇಳ್ಬೇಡಿ."

ಬಾಯಿಗೆ ಬೀಗ ಹಾಕಿಕೊಂಡವನನ್ನು ಬಯ್ದು ಏನು ಪ್ರಯೋಜನ! ಆದರೂ ಅವಳು ಬಯ್ದಳು.

ಹೊಗೆಮೂಗನ ಹೆಂಡತಿ ಸಿಬ್ಬಂದಿ ಮನೆಗಳ ಸಾಲಿನಲ್ಲಿ ಕೊನೆಯ ಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಪಾತ್ರೆ ಪಗಡೆ, ಹಾಸಿಗೆ ಸುತ್ತು, ಮಗುವಿನ ಮೂರು ಚಕ್ರದ ಸೈಕಲ್ಲು ಎಲ್ಲಾ ಅಂಗಳದಲ್ಲಿದ್ದವು. ಕೆಲಸದ ವೇಳೆ ಕುಡಿದು ಸತ್ತವನ ಸಂಸಾರಕ್ಕೆ ಇಲಾಖೆ ಮನೆ ಇಲ್ಲ, ನಾಳೆ ಖಾಲಿ ಮಾಡು ಎಂದು ಉಪ ನಿರ್ದೇಶಕ ಹೇಳಿ ಕಳಿಸಿದ್ದನಂತೆ.

"ಮನೆ ಹೋದ್ರೆ ಹೋಗ್ಲಿ ಮೇಡಂ, ಎಲ್ಲೋ ಇರ್ತೀನಿ. ಮಗೂಗೆ ಏನಂತ ಹೇಳ್ಲಿ? ನಿಮ್ಮಪ್ಪ ಕುಡ್ಕೊಂಡು ಬಿದ್ದು ಸತ್ತ ಅಂತ ಹೇಳ್ಲಾ? ಮೂಗು ಕೆಡತ್ತೆ ಅಂತ ಆ ಮನುಷ್ಯ ಬೀಡೀನೂ ಮುಟ್ಟಿದವನಲ್ಲ."

"ಅವತ್ತು ಚಹಾಕ್ಕೆ ಯಾರು ಬರೋರಿದ್ರು?"

"ದೊಡ್ಡ ಸಾಹೇಬ್ರು. ಇವರೇ ಕರ್ದಿದ್ರು. ಕಣಿವೆ ಬೆಂಕಿ ವಿಷಯ ಸಾಹೇಬ್ರು ರಿಟೈರ್ ಆಗೋಕೆ ಮುಂಚೆ ಹೇಳಿಬಿಡ್ತೀನಿ ಅಂತಿದ್ರು."

"ಸಿಡಿಲು ಬಿದ್ದು ಸುಟ್ಟಿದ್ದು ತಾನೆ ಅದು?"

ಹೆಂಗಸಿನ ತುಟಿ ಸೊಟ್ಟಗಾಯಿತು. "ಸಿಡಿಲು ಒಂದು ಕಡೆ ಬೀಳತ್ತೆ, ಸಾಲು ಹಿಡಿದು ಬೀಳತ್ತಾ ಅಂತ ಇವರು ಕೇಳ್ತಿದ್ರು. ಗೋಪುರದ ಮೇಲಿಂದ ನೋಡಿದ್ರಂತೆ. ಹೊಗೆ ಸಾಲಾಗಿ ಎದ್ದಿತ್ತಂತೆ, ಒಂದಾದ ಮೇಲೊಂದು. ಬೇಲಿ ಪಕ್ಕದಲ್ಲಿ ಇಲಾಖೆ ಗಾಡಿ ನಿಂತಿತ್ತಂತೆ."

ಸುಟ್ಟ ಕಣಿವೆಯಲ್ಲಿ ಇನ್ನು ಉಳಿಸುವಂಥದ್ದು ಏನೂ ಇಲ್ಲವೆಂದು, ಅಲ್ಲಿ ಪ್ರವಾಸಿಗಳಿಗೆ ಹೋಟೆಲು ಕಟ್ಟಿಸುವ ಯೋಜನೆ ತಂದವನು ಉಪ ನಿರ್ದೇಶಕ. ಸಿಡಿಲಿನ ಕಥೆ ಹೇಳಿದವನೂ ಅವನೇ. ಕಾಡಿನ ನಡುವೆಯೂ ಗರಿ ಮುರಿಯದ ಅಂಗಿ ಹಾಕುತ್ತಿದ್ದನೆಂದು ಸಿಬ್ಬಂದಿ ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದರು. ಇವತ್ತು ಸಂಜೆ ನಿರ್ದೇಶಕರ ಕುರ್ಚಿ ಅವನದಾಗುವುದಿತ್ತು.

ಅವನು ದೊಡ್ಡಪ್ಪನ ಅಳಿಯ. ಸಿಡುಕಿಯ ತಂಗಿಯ ಗಂಡ. ತಂಗಿಗೆ ಈಗ ತುಂಬು ತಿಂಗಳು.

"ಸಂಜೆ ಸಭೆಗೆ ಬನ್ನಿ," ಎಂದಳು ಸಿಡುಕಿ. "ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ಯಾರಾದ್ರೂ ಏಳಿ ಅಂದ್ರೆ ನನ್ನ ಹೆಸರು ಹೇಳಿ. ನಿಮ್ಮ ಗಂಡನ ಮೇಲಿನ ಮಾತು ಇವತ್ತೇ ಅಳಿಸ್ತೀನಿ."

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಹಾಗೆಲ್ಲ ಮಾತು ಕೊಡುವವಳಲ್ಲ ಅವಳು.

ಪ್ರಧಾನ ಕಚೇರಿಯ ಸಭಾಂಗಣದಲ್ಲಿ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದರು. "ಹಲೋ, ಹಲೋ" ಎಂಬ ದನಿ ಕಾರಿಡಾರಿನ ಉದ್ದಕ್ಕೂ ಕೇಳುತ್ತಿತ್ತು. ನಿರ್ದೇಶಕರ ಕೋಣೆಯಲ್ಲಿ ಕಪಾಟುಗಳು ಖಾಲಿಯಾಗಿದ್ದವು. ಗೋಡೆಯ ಮೇಲೆ ಉದ್ಯಾನಗಳ ದೊಡ್ಡ ನಕ್ಷೆಯೊಂದೇ ಉಳಿದಿತ್ತು. ದೊಡ್ಡಪ್ಪ ಅದರ ಮುಂದೆ ಪೂರ್ಣ ಸಮವಸ್ತ್ರದಲ್ಲಿ ನಿಂತು ಭಾಷಣ ಗುನುಗಿಕೊಳ್ಳುತ್ತಿದ್ದರು.

ಆ ನಕ್ಷೆಯ ಹಸಿರಿನಲ್ಲಿ ಅರ್ಧ ಅವರು ಗಳಿಸಿದ್ದು. ಅವರು ಎಳೆಯ ಅಧಿಕಾರಿಯಾಗಿ ಬಂದಾಗ ಉದ್ಯಾನವೆಂದರೆ ಮರಗಳ್ಳರ ಸಂತೆ. ಕಲ್ಲು ಗಣಿ ಮುಚ್ಚಿಸಿದರು. ಬೇಟೆಗಾರರ ಗುಂಡು ತೊಡೆಗೆ ಬಿತ್ತು, ಗಾಯ ಮಾಯುವ ಮೊದಲೇ ಕೋಲೂರಿಕೊಂಡು ಗಸ್ತಿಗೆ ಹೋದರು. ಮಂತ್ರಿಗಳ ನೆಂಟರ ಜೀಪನ್ನು ಗೇಟಿನಲ್ಲೇ ತಡೆದು, ಅದಕ್ಕಾಗಿ ದೂರದೂರಿಗೆ ವರ್ಗವಾಗಿ, ಅಲ್ಲೂ ಒಂದು ಉದ್ಯಾನ ಕಟ್ಟಿ ವಾಪಸ್ ಬಂದರು. ಒಂದು ಬೇಸಿಗೆಯಲ್ಲಿ ಯಾರೋ ಆರಿಸದೆ ಬಿಟ್ಟ ಅಡುಗೆ ಒಲೆಯಿಂದ ಕಾಡು ಹೊತ್ತಿ ಐದು ಜನ ಸಿಬ್ಬಂದಿ ಸತ್ತರು. ಆವತ್ತಿನಿಂದ ಒಲೆ ಆರಿಸುವ ಕ್ರಮ ಬಂತು. ಸಿಬ್ಬಂದಿ ಅದನ್ನು ಬೆನ್ನ ಹಿಂದೆ ಪೂಜೆ ಎಂದು ಗೇಲಿ ಮಾಡುತ್ತಿದ್ದರು, ಸಾಹೇಬರು ನೋಡುತ್ತಿದ್ದರೆ ಮಾತ್ರ ಚಾಚೂ ತಪ್ಪದೆ ಮಾಡುತ್ತಿದ್ದರು.

"ಬಾ ಪುಟ್ಟಿ! ಈ ಕಾಲರ್ ಸರಿ ಇದೆಯಾ ನೋಡು."

"ಮೊನ್ನೆ ಬೆಳಿಗ್ಗೆ ಎಲ್ಲಿದ್ರಿ ಸರ್?"

ಸರ್ ಎನ್ನುವುದು ಕೇಳಿ ಅವರ ಕೈ ಕಾಲರಿನಲ್ಲೇ ನಿಂತಿತು. ಸಿಡುಕಿ ಬಾಗಿಲು ಹಾಕಿದಳು.

"ಮನೇಲಿ. ನಿಮ್ಮ ಆಕಳಿಕೆಗೆ ಹೇಳಿದ್ನಲ್ಲ."

"ಹೊಗೆಮೂಗನ ಒಲೆ ಆರಿಸಿದ್ದು ಯಾರು? ಕಲ್ಲು ಮಗುಚಿ, ಕೈಯ ಹಿಂಬದಿ ಒತ್ತಿ ನೋಡಿದ್ದಾರೆ."

"ಯಾರೋ ಚೆನ್ನಾಗಿ ಕಲಿತವರು."

ಆ ಮುಖದಲ್ಲಿ ಒಂದು ಕ್ಷಣ ಹೆಮ್ಮೆ ಸುಳಿಯಿತು. ಹೆಮ್ಮೆ! ಸಿಡುಕಿಗೆ ಪಿತ್ತ ನೆತ್ತಿಗೇರಿತು.

"ನಿಮ್ಮ ಇಲಾಖೇಲಿ ಯಾರೂ ನೋಡ್ದೇ ಇದ್ರೂ ಕಲ್ಲು ಮಗುಚೋ ಮನುಷ್ಯ ಒಬ್ರೇ. ನನ್ನ ಕಿವಿಗೆ ಹೂವಿಡಬೇಡಿ. ಕೊಲೆ ಮಾಡಿದವನು ಒಲೆ ಕಡೆ ತಿರುಗಿ ನೋಡಲ್ಲ. ಕುಡುಕ ನೋಡಲ್ಲ. ನೀವು ನೋಡ್ತೀರಾ. ನಿಮ್ಮ ಕೈಲಿ ಬಿಟ್ಟು ಹೋಗೋಕೆ ಆಗಲ್ಲ!"

ದೊಡ್ಡಪ್ಪ ಕುರ್ಚಿಗೆ ಒರಗಿ ನಿಂತರು. ಹೊರಗೆ ಮೈಕು ಕೀರಲಿಟ್ಟು ಸುಮ್ಮನಾಯಿತು.

"ನಾನೇ ಆರಿಸಿದೆ," ಎಂದರು.

"ಆಗ ಅವನೆಲ್ಲಿದ್ದ?"

"ಬಂಡೆ ಕೆಳಗೆ."

"ಸತ್ತಿದ್ನಾ?"

ಅವರು ನಕ್ಷೆಯ ಕಡೆ ನೋಡಿದರು. "ಜೀವ ಇತ್ತು. ಕೂಗ್ತಾ ಇದ್ದ."

ಸಿಡುಕಿ ಕಿರುಚಿದಳು. "ಅವನು ಕೂಗ್ತಿದ್ದ, ನೀವು ಒರತೆಯಿಂದ ನೀರು ಹೊರ್ತಾ ಇದ್ರಾ? ಕೋಲಲ್ಲಿ ಬೂದಿ ಕಲಸ್ತಾ ಇದ್ರಾ? ಮನುಷ್ಯರೇನ್ರೀ ನೀವು!"

"ಗಾಳಿ ಜೋರಾಗಿತ್ತು. ಸುತ್ತ ಒಣ ಹುಲ್ಲು. ಕಿಡಿ ಹಾರಿದ್ರೆ ಅವನೂ ಉಳೀತಿರ್ಲಿಲ್ಲ, ಕೆಳಗಿನ ಮನೆಗಳೂ ಉಳೀತಿರ್ಲಿಲ್ಲ. ಮೊದಲು ಬೆಂಕಿ, ಆಮೇಲೆ ಮನುಷ್ಯ. ಐದು ಹೆಣ ಹೊತ್ತು ಕಲಿತಿದ್ದು ಅದು."

"ಸರಿ. ಬೆಂಕಿ ಆಯ್ತು. ಆಮೇಲೆ ಮನುಷ್ಯನಿಗೆ ಏನು ಮಾಡಿದ್ರಿ?"

"ಗುಂಡು ಬಿದ್ದ ಕಾಲು, ಆ ಬಂಡೆ ಇಳಿಯಲ್ಲ. ಜೀಪಿಗೆ ಬಂದು ವೈರ್‌ಲೆಸ್‌ನಲ್ಲಿ ಕೇಳಿದೆ. ಹಗ್ಗ ತಗೊಂಡು ಬೇಗ ಬನ್ನಿ ಅಂತ. ನಾನು ನೋಡ್ಕೋತೀನಿ, ನೀವು ಮನೆಗೆ ಹೋಗಿ, ಬೀಳ್ಕೊಡುಗೆ ಸಮಯದಲ್ಲಿ ಇದೆಲ್ಲ ನಿಮಗೆ ಬೇಡ ಅಂತ ಉತ್ತರ ಬಂತು."

"ಉತ್ತರ ಕೊಟ್ಟಿದ್ದು ಇಸ್ತ್ರಿ."

"ಅವನನ್ನ ಹಾಗೆ ಕರೀಬೇಡ. ನಿನ್ನ ತಂಗಿ ಗಂಡ."

ಅವರೇ ಒಪ್ಪಿಕೊಂಡಂತಾಯಿತು. ಅದು ಅವರಿಗೂ ಹೊಳೆದಿರಬೇಕು, ಕಣ್ಣು ಮುಚ್ಚಿಕೊಂಡರು.

"ಅವನ ಗಾಡಿ ಎಲ್ಲಿತ್ತು?"

"ಕೆಳಗಿನ ತಿರುವಲ್ಲಿ. ಮರದ ಮರೇಲಿ."

"ನೋಡಿದ್ರಿ."

"ನೋಡಿದೆ."

"ನೋಡಿಯೂ ಮನೆಗೆ ಬಂದ್ರಿ. ತಳ್ಳಿದವನ ಕೈಗೇ ಬದುಕಿದ್ದವನನ್ನ ಒಪ್ಪಿಸಿ ಬಂದ್ರಿ! ನೀವು ಈ ಕಡೆ ಬಂದ್ಮೇಲೆ ಅವನು ಕೆಳಗಿಳಿದು ಕಲ್ಲೆತ್ತಿ ತಲೆಗೆ ಹಾಕಿದ, ಮೈಮೇಲೆ ಹೆಂಡ ಸುರಿದ. ನಿಮಗೆ ಅವತ್ತೇ ಗೊತ್ತಾಗಲಿಲ್ವಾ?"

"ಮರುದಿನ ಗೊತ್ತಾಯ್ತು. ಬಾಟಲಿ ಸಿಕ್ತು ಅಂದಾಗ." ಅವರ ದನಿ ತಗ್ಗಿತು. "ಕಣಿವೆ ಸುಟ್ಟಿದ್ದು ಸಿಡಿಲಿಂದ ಅಂತ ನಾನೇ ಎಲ್ಲರ ಮುಂದೆ ಹೇಳಿದ್ದೆ, ಅವನ ಮಾತು ನಂಬಿ. ಈಗ ಬಾಯಿ ಬಿಟ್ರೆ ಮಗಳ ಬಾಳು ಹೋಗತ್ತೆ. ಈ ಸ್ಥಿತೀಲಿ ಅವಳಿಗೆ ಏನು ಹೇಳ್ಲಿ ಪುಟ್ಟಿ?"

ಸಿಡುಕಿ ಮೇಜಿಗೆ ಗುದ್ದಿದಳು. ನೀರಿನ ಲೋಟ ಉರುಳಿ ಭಾಷಣದ ಹಾಳೆಗಳೆಲ್ಲ ಒದ್ದೆಯಾದವು. ಇಬ್ಬರೂ ಅವನ್ನು ಎತ್ತಲಿಲ್ಲ.

"ಅಲ್ಲೊಬ್ಬಳು ಹೊಸ್ತಿಲ ಮೇಲೆ ಕೂತಿದ್ದಾಳೆ. ಅವಳಿಗೂ ಮಗು ಇದೆ. ಅವಳಿಗೆ ನಾನೇನು ಹೇಳ್ಲಿ ದೊಡ್ಡಪ್ಪಾ? ನನಗೆ ಹೊಡೆದು ಕಲಿಸಿದ್ರಲ್ಲ, ಬೇರೆಯವರು ನೋಡ್ತಾ ಇದ್ದಾರೋ ಇಲ್ವೋ ಅಂತ ಯೋಚಿಸ್ಬಾರ್ದು ಅಂತ. ಎಲ್ಲಾ ಕಲ್ಲಿಗೆ ಮಾತ್ರನಾ?"

ದೊಡ್ಡಪ್ಪ ಅತ್ತರು. ಅವರು ಅತ್ತದ್ದನ್ನು ಅವಳು ಜನ್ಮದಲ್ಲಿ ಮೊದಲ ಸಲ ನೋಡಿದ್ದು. ಕರುಳು ಚುರ್ ಎಂದಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಏನು ಮಾಡಬೇಕು ಹೇಳು," ಎಂದರು ಅವರು.

"ವೇದಿಕೆ ಮೇಲೆ ಹೇಳಿ. ಹೊಗೆಮೂಗ ಕುಡಿದಿರಲಿಲ್ಲ, ಅವನನ್ನ ಕೊಂದಿದ್ದಾರೆ ಅಂತ ಎಲ್ಲರ ಮುಂದೆ ಹೇಳಿ. ನಿಮ್ಮ ಬಾಯಿಂದ ಬಂದ್ರೆ ಯಾವ ಮೇಲಧಿಕಾರಿಯೂ ಮುಚ್ಚಿಹಾಕೋಕೆ ಆಗಲ್ಲ."

ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಕಾಲರ್ ಸರಿಮಾಡಿಕೊಂಡರು. "ಹೇಳ್ತೀನಿ. ಮಾತು ಕೊಡ್ತೀನಿ."

ಕೊಟ್ಟ ಮಾತಿಗೆ ಅವರು ತಪ್ಪಿದ್ದು ಅವಳು ಕಂಡಿರಲಿಲ್ಲ. ಬೆಳಿಗ್ಗೆಯಿಂದ ಬಿಗಿದಿದ್ದ ಅವಳ ಭುಜ ಮೊದಲ ಬಾರಿಗೆ ಸಡಿಲವಾಯಿತು.

ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನ ಒಂದು ತುದಿಯಲ್ಲಿ ತಂಗಿ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದಳು. ಇನ್ನೊಂದು ತುದಿಯಲ್ಲಿ ಹೊಗೆಮೂಗನ ಹೆಂಡತಿ. ಅವಳ ಪಕ್ಕದ ಕುರ್ಚಿಗಳು ಖಾಲಿಯಾಗಿದ್ದವು, ಯಾರಿಗೂ ಅಲ್ಲಿ ಕೂರುವ ಧೈರ್ಯವಿರಲಿಲ್ಲ. ಸಿಡುಕಿಯ ಮೇಲಧಿಕಾರಿ ದೊಡ್ಡ ಹೂಗುಚ್ಛ ಹಿಡಿದು ಸರದಿ ಕಾಯುತ್ತಿದ್ದರು.

ಇಸ್ತ್ರಿ ಮಾತಾಡಿದ. ಮಾವನವರ ಸೇವೆಯನ್ನು ಹೊಗಳಿದ, ಅವರ ಹೆಜ್ಜೆಯಲ್ಲೇ ನಡೆಯುತ್ತೇನೆಂದ. ಅಂಗಿಯ ಗರಿ ಎಲ್ಲೂ ಮುರಿದಿರಲಿಲ್ಲ. ಸಿಡುಕಿ ಆಕಳಿಕೆಯನ್ನು ಹಿಂಬಾಗಿಲಿಗೆ ಕಳಿಸಿ, ತಾನು ವೇದಿಕೆಯ ಮೆಟ್ಟಿಲ ಬಳಿ ನಿಂತಳು. ಇವತ್ತು ಇವನು ಆ ಬಾಗಿಲಿನಿಂದ ಮನೆಗೆ ಹೋಗಬಾರದು ಎಂದು ನಿಶ್ಚಯಿಸಿದ್ದಳು.

ದೊಡ್ಡಪ್ಪ ಎದ್ದರು. ಚಪ್ಪಾಳೆ ನಿಲ್ಲುವ ತನಕ ಕಾದರು.

"ನನ್ನ ಸೇವೆ ಬಗ್ಗೆ ಎಲ್ಲರೂ ಬಹಳ ಹೇಳಿದ್ರು. ಅದೆಲ್ಲ ಸಾಕು. ಮೊನ್ನೆ ಸತ್ತ ನಮ್ಮ ಬೆಂಕಿ ಕಾವಲುಗಾರ ಕುಡಿದಿರ್ಲಿಲ್ಲ. ಜೀವಮಾನದಲ್ಲೇ ಕುಡಿದವನಲ್ಲ. ನಮ್ಮ ಇಲಾಖೇಲಿ ಅವನಿಗಿಂತ ನಿಯತ್ತಿನ ಮನುಷ್ಯ ಇರ್ಲಿಲ್ಲ. ಅವನ ಹೆಂಡತಿ ಇಲ್ಲೇ ಇದ್ದಾಳೆ. ತಾಯೀ, ಆ ಮನೆಯಿಂದ ನಿನ್ನನ್ನ ಯಾರೂ ಎಬ್ಬಿಸಬಾರದು."

ಹೊಗೆಮೂಗನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಇಸ್ತ್ರಿಯ ಮುಖ ಬಿಳಿಚಿತು. ಸಿಡುಕಿಯ ಕೈ ಸೊಂಟದ ಬೇಡಿಯ ಮೇಲೆ ಹೋಯಿತು.

"ಅವನನ್ನ ಕೊಂದಿದ್ದಾರೆ," ಎಂದರು ದೊಡ್ಡಪ್ಪ. "ಕೊಂದವನು ನಾನು. ಬಂಡೆ ಮೇಲಿಂದ ತಳ್ಳಿದ್ದು ನಾನು, ತಲೆಗೆ ಹೊಡೆದಿದ್ದು ನಾನು, ಹೆಂಡ ಸುರಿದಿದ್ದೂ ನಾನೇ."

ಎಲ್ಲರೂ ಒಟ್ಟಿಗೆ ಎದ್ದರು. ಕುರ್ಚಿಗಳು ಉರುಳಿದವು. ತಂಗಿ "ಅಪ್ಪಾ!" ಎಂದು ಚೀರಿದಳು. ಹೊಗೆಮೂಗನ ಹೆಂಡತಿ ಎದ್ದು ಬಂದು ದೊಡ್ಡಪ್ಪನ ಮುಖಕ್ಕೆ ಉಗಿದಳು. ಅವರು ಒರೆಸಿಕೊಳ್ಳಲಿಲ್ಲ.

ಇಸ್ತ್ರಿ ಬೇಗ ಸುಧಾರಿಸಿಕೊಂಡ. ಮೈಕನ್ನು ತನ್ನ ಕಡೆ ಎಳೆದುಕೊಂಡು, ದುಃಖದ ದನಿ ಮಾಡಿ, "ಇನ್ಸ್‌ಪೆಕ್ಟರ್, ಸಂಬಂಧ ನೋಡಬೇಡಿ, ನಿಮ್ಮ ಕರ್ತವ್ಯ ಮಾಡಿ," ಎಂದ. ಮೇಲಧಿಕಾರಿ ಹೂಗುಚ್ಛವನ್ನು ಯಾರದೋ ಕೈಗೆ ತುರುಕಿ, "ಮಾಡ್ರೀ, ಮಾಡ್ರೀ!" ಎಂದು ಕೂಗಿದರು.

ಸಿಡುಕಿ ಮೆಟ್ಟಿಲು ಹತ್ತಿದಳು. ದೊಡ್ಡಪ್ಪ ಎರಡೂ ಕೈ ಮುಂದೆ ಚಾಚಿ ನಿಂತಿದ್ದರು.

"ಸುಳ್ಳು," ಎಂದಳು ಅವಳು, ಅವರಿಗೆ ಮಾತ್ರ ಕೇಳುವ ಹಾಗೆ. "ಒಳಗೆ ನೀವೇ ನನಗೆ ಹೇಳಿದ್ರಿ. ನಾನು ಕೇಳಿದ್ದೀನಿ."

"ಇದನ್ನ ಇಡೀ ಸಭೆ ಕೇಳಿದೆ ಪುಟ್ಟಿ," ಎಂದರು ದೊಡ್ಡಪ್ಪ. "ಅದನ್ನ ನೀನೊಬ್ಬಳೇ ಕೇಳಿದ್ದು."

ವೇದಿಕೆಯ ಕೆಳಗೆ ಇಸ್ತ್ರಿ ಹೆಂಡತಿಯ ಪಕ್ಕ ಕೂತು, ಅವಳ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡು ನೀರು ಕುಡಿಸುತ್ತಿದ್ದ. ಸಿಡುಕಿ ಬೇಡಿಯನ್ನು ತೆರೆದು ಹಿಡಿದಿದ್ದಳು, ಅದನ್ನು ಯಾರ ಕೈಗೆ ಹಾಕಬೇಕೆಂದು ಅವಳಿಗೆ ಗೊತ್ತಿತ್ತು, ಎದುರಿಗೆ ಚಾಚಿದ್ದು ಮಾತ್ರ ದೊಡ್ಡಪ್ಪನ ಕೈ.